ಸಿ ಸೆಂಟರಿನ ಆಟಗಾರ

(ಮಾತಾಡುವವರು ಇಬ್ಬರು. ಒಬ್ಬ ಹಿಂದೂಪುರದ ಹುಡುಗ. ಪೆನುಕೊಂಡದ ಕಡೆ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸ, ವಿಡಿಯೋ ಗೇಮ್ ಅಂದ್ರೆ ಪ್ರಾಣ. ಇನ್ನೊಬ್ಬರು ಅವನ ಸೋದರಮಾವ, ಕಲ್ಯಾಣದುರ್ಗದಲ್ಲಿ ಬಹಳ ವರ್ಷದಿಂದ ಟಿವಿ ರಿಪೇರಿ ಅಂಗಡಿ ಇಟ್ಟವರು. ಊರು ಎರಡೂ ಆಂಧ್ರದವು, ಮನೆಮಾತು ಇಬ್ಬರದೂ ಕನ್ನಡ.)

ಕಲ್ಯಾಣದುರ್ಗ: ಅದೇನೋ ಹೊಸ ಗೇಮ್ ಮೆಷಿನ್ ಬಂದಿದೆಯಂತಲ್ಲ. ನಿಮ್ಮಮ್ಮ ಫೋನ್ ಮಾಡಿದ್ಲು. ‘ಬೋನಸ್ ಬಂದ್ರೆ ಪೂರ್ತಿ ಅದಕ್ಕೇ ಸುರೀತಾನೆ, ನೀನಾದ್ರೂ ಬುದ್ಧಿ ಹೇಳಣ್ಣ’ ಅಂದ್ಲು.

ಹಿಂದೂಪುರ: ಅಮ್ಮನಿಗೆ ಧೈರ್ಯ ಹೇಳಿ ಮಾವ, ನಾನು ತಗೊಳ್ತಿಲ್ಲ. ನಿಂಟೆಂಡೊ ಸ್ವಿಚ್ 2 ಅಂತ ಅದು. 2025ರ ಜೂನ್ 5ಕ್ಕೆ ಜಪಾನು, ಅಮೆರಿಕ, ಯುರೋಪಲ್ಲೆಲ್ಲ ಬಂತು. ಮೊದಲ ನಾಲ್ಕೇ ದಿನದಲ್ಲಿ 35 ಲಕ್ಷ ಮೆಷಿನ್ ಮಾರಾಟ ಆಯ್ತು. ಆ ಕಂಪನಿ ಅಷ್ಟು ಬೇಗ ಬೇರೆ ಯಾವ ಮೆಷಿನ್ನೂ ಮಾರಿರಲಿಲ್ಲ. ಬಂದಾಗ ಅಮೆರಿಕದಲ್ಲಿ ಬೆಲೆ 449.99 ಡಾಲರ್. ನಮ್ಮ ದೇಶದಲ್ಲಿ ಕಂಪನಿಯವರು ತಾವಾಗಿ ಮಾರಲಿಲ್ಲ. ಹೊರದೇಶದಿಂದ ತಂದವರ ಹತ್ತಿರ ಕೊಳ್ಳಬೇಕು, ಕೆಟ್ಟರೆ ಕೇಳೋರಿಲ್ಲ. ಆದ್ರೂ ನಾನು ಬೇಡ ಅಂತಿರೋದು ಅದೊಂದಕ್ಕೇ ಅಲ್ಲ.

ಕಲ್ಯಾಣದುರ್ಗ: ಮತ್ತೆ? ಮೆಷಿನ್ ಸರಿಯಿಲ್ವಾ?

ಹಿಂದೂಪುರ: ಮೆಷಿನ್ ಚೆನ್ನಾಗೇ ಇದೆ. ಯಲಹಂಕದಲ್ಲಿ ಗೆಳೆಯನ ಮನೇಲಿ ಕೈಲಿ ಹಿಡಿದು ಆಡಿದೀನಿ. 7.9 ಇಂಚಿನ ಸ್ಕ್ರೀನ್, ಎಡಬಲದ ಕಂಟ್ರೋಲರ್ ಎರಡೂ ಅಯಸ್ಕಾಂತಕ್ಕೆ ಟಕ್ ಅಂತ ಅಂಟಿಕೊಳ್ತವೆ. ಚಿತ್ರ ಎಲ್ಲೂ ತಡವರಿಸಲ್ಲ. ನನ್ನ ತಕರಾರು ಆಟದ ಕಾರ್ಡಿನ ಬಗ್ಗೆ. ಅಂಗಡಿಯಲ್ಲಿ ಡಬ್ಬಿ ಕೊಡ್ತಾರೆ, ಡಬ್ಬಿಯೊಳಗೆ ಕಾರ್ಡೂ ಇರುತ್ತೆ. ಎಷ್ಟೋ ಆಟಗಳಲ್ಲಿ ಆ ಕಾರ್ಡಿನೊಳಗೆ ಆಟ ಇರಲ್ಲ, ಬರೀ ಬೀಗದ ಕೈ ಇರುತ್ತೆ. ಗೇಮ್ ಕೀ ಕಾರ್ಡ್ ಅಂತಾರೆ. ಕಾರ್ಡ್ ತೂರಿಸಿದ ಮೇಲೆ ಆಟ ಪೂರ್ತಿ ನೆಟ್‌ನಿಂದ ಇಳಿಸಿಕೊಳ್ಳಬೇಕು. ಆಮೇಲೂ ಆಡುವಾಗೆಲ್ಲ ಆ ಕಾರ್ಡ್ ಮೆಷಿನ್ನಲ್ಲೇ ಇರಬೇಕು.

ಕಲ್ಯಾಣದುರ್ಗ: ಕ್ಯಾಸೆಟ್ ಖಾಲಿ ಅನ್ನು.

ಹಿಂದೂಪುರ: ಖಾಲಿನೇ. ಆ ಕಾರ್ಡನ್ನ ಇನ್ನೊಬ್ಬರಿಗೆ ಕೊಡಬಹುದು, ಮಾರಬಹುದು, ಅಷ್ಟು ಅವಕಾಶ ಇಟ್ಟಿದಾರೆ. ಕಂಪನಿಯ ಸರ್ವರ್ ನಡೀತಿರೋ ತನಕ ಸರಿ. ಅದನ್ನ ನಿಲ್ಲಿಸಿದ ದಿನ ಪ್ಲಾಸ್ಟಿಕ್ ಚೂರು ಮಾತ್ರ ಉಳಿಯುತ್ತೆ.

ಕಲ್ಯಾಣದುರ್ಗ: ನಮ್ಮ ಕಾಲದಲ್ಲಿ ಕ್ಯಾಸೆಟ್ ಅಂದ್ರೆ ಅದೇ ಆಟ, ಆಟ ಅಂದ್ರೆ ಅದೇ ಕ್ಯಾಸೆಟ್. ತೊಂಬತ್ತರ ದಶಕದಲ್ಲಿ ಇದೇ ಅಂಗಡಿಯಲ್ಲಿ ಪೋರ್ಟಬಲ್ ಟಿವಿಗೆ ಟಿವಿ ಗೇಮ್ ಹಾಕಿ ಗಂಟೆ ಲೆಕ್ಕದಲ್ಲಿ ಹುಡುಗರಿಗೆ ಬಿಡ್ತಿದ್ದೆ. ಮಾರಿಯೋ, ಕಾಂಟ್ರಾ, ರೋಡ್ ಫೈಟರ್. ಆ ಕ್ಯಾಸೆಟ್ ಬಿಚ್ಚಿ ನೋಡಿದೀಯಾ? ಒಳಗೆ ಒಂದು ಹಸಿರು ಬೋರ್ಡು, ಅದರ ನಡುವೆ ಒಂದು ಕರೀ ಉಂಡೆ. ಚಿಪ್ಪಿನ ಮೇಲೆ ರಾಳ ಹುಯ್ದು ಗಟ್ಟಿ ಮಾಡಿರ್ತಾರೆ. ಅದು ಹೋದ್ರೆ ಹೋಯ್ತು. ಆದ್ರೆ ಅದು ಹೋಗ್ತಾನೇ ಇರಲಿಲ್ಲ. ಹೋಗ್ತಿದ್ದದ್ದು ತುದಿಯಲ್ಲಿರೋ ತಾಮ್ರದ ಪಟ್ಟಿ, ನಮ್ಮ ಸೀಮೆ ಧೂಳಿಗೆ ಕಪ್ಪಾಗೋದು. ಹುಡುಗರು ಬಾಯಲ್ಲಿ ಊದೋರು, ಎಂಜಲು ಬಿದ್ದು ಇನ್ನೂ ಹಾಳು. ನಾನು ಪೆನ್ಸಿಲ್ ರಬ್ಬರಲ್ಲಿ ಉಜ್ಜಿ ಸ್ಪಿರಿಟ್ ಹತ್ತಿಯಲ್ಲಿ ಒರೆಸ್ತಿದ್ದೆ. ಹೊಳಪು ಬಂದ್ರೆ ಆಟ ಬಂತು. ಕಂಟ್ರೋಲರ್ ಗುಂಡಿ ಕೆಲಸ ಮಾಡಲಿಲ್ಲ ಅಂದ್ರೆ ಒಳಗಿನ ಕಪ್ಪು ರಬ್ಬರ್ ಸವೆದಿದೆ ಅಂತ ಲೆಕ್ಕ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಕತ್ತರಿಸಿ ಅಂಟಿಸಿದ್ರೆ ಇನ್ನೊಂದಷ್ಟು ತಿಂಗಳು ನಡೆಯೋದು.

ಹಿಂದೂಪುರ: ಆ ಮೆಷಿನ್ ಜಪಾನಲ್ಲಿ ಯಾವಾಗ ಬಂದದ್ದು ಗೊತ್ತಾ ಮಾವ? ಅಸಲು ಮೆಷಿನ್ ಹೆಸರು ಫ್ಯಾಮಿಕಾಮ್. ನಿಂಟೆಂಡೊ ಅದನ್ನ 1983ರ ಜುಲೈ 15ಕ್ಕೆ ಬಿಟ್ಟದ್ದು.

ಕಲ್ಯಾಣದುರ್ಗ: ನಂಗೆ ಎಲ್ಲಿ ಗೊತ್ತಾಗಬೇಕು? ನಾನು ತಂದದ್ದು ಬೆಂಗಳೂರಿನ ಎಸ್.ಪಿ. ರೋಡಿಂದ. ಡಬ್ಬಿ ಮೇಲೆ ಯಾವ ಕಂಪನಿ ಹೆಸರೂ ನೆಟ್ಟಗಿರಲಿಲ್ಲ.

ಹಿಂದೂಪುರ: ಅದು ನಕಲು. ತೈವಾನ್, ಚೀನಾ ಕಡೆ ತಯಾರಾದದ್ದು. ನಾನು ಹೇಳೋಕೆ ಹೊರಟದ್ದು ಬೇರೆ. ಜಪಾನಲ್ಲಿ ಬಿಡುಗಡೆಯಾಗಿ ಹತ್ತು ವರ್ಷ ದಾಟಿದ ಮೇಲೆ ಅದು ಕಲ್ಯಾಣದುರ್ಗಕ್ಕೆ ಬಂತು. ಬಂದಾಗ ಇಲ್ಲಿನ ಹುಡುಗರಿಗೆ ಅದೇ ಹೊಸದು.

ಕಲ್ಯಾಣದುರ್ಗ: ಸಿನಿಮಾ ಕಥೆಯೂ ಹಾಗೇ ಇತ್ತು. ಹಂಚಿಕೆದಾರರ ಬಾಯಲ್ಲಿ ಎ ಸೆಂಟರ್, ಬಿ ಸೆಂಟರ್, ಸಿ ಸೆಂಟರ್ ಅಂತ ಇದ್ವು. ದೊಡ್ಡ ಊರಲ್ಲಿ ಓಡಿ ಓಡಿ ಗೆರೆ ಬಿದ್ದ ಪ್ರಿಂಟು ನಮ್ಮಂಥ ಸಿ ಸೆಂಟರಿಗೆ ಕಡೆಗೆ ಬರೋದು. ಅಲ್ಲಲ್ಲಿ ಜಿಗಿಯೋದು, ಮಳೆ ಸುರಿದ ಹಾಗೆ ಕಾಣೋದು. ಆದ್ರೆ ಅದೇ ಸಿನಿಮಾ. ಟಿಕೆಟ್ಟೂ ಅಗ್ಗ. ಈಗ ಹೈದರಾಬಾದಲ್ಲಿ ಬಿಟ್ಟ ದಿನವೇ ಇಲ್ಲೂ ಬಿಡ್ತಾರೆ. ಗೇಮ್ ಮೆಷಿನ್ನಿಗೂ ಆ ಕಾಲ ಬಂದಿರಬೇಕಲ್ಲ?

ಹಿಂದೂಪುರ: ಅರ್ಧ ಬಂದಿದೆ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಸೀರೀಸ್ ಎಸ್ ಎರಡೂ 2020ರ ನವೆಂಬರ್ 10ಕ್ಕೆ ಅಮೆರಿಕದ ಜೊತೆಗೇ ಇಲ್ಲೂ ಬಂದ್ವು, 49,990 ಮತ್ತು 34,990 ರೂಪಾಯಿಗೆ. ಪ್ಲೇಸ್ಟೇಷನ್ 5 ತಡ ಆಯ್ತು. ಅಮೆರಿಕ, ಜಪಾನಿಗೆ ನವೆಂಬರ್ 12, ನಮಗೆ 2021ರ ಫೆಬ್ರವರಿ 2. ಬೆಲೆ 49,990. ಜನವರಿ 12ಕ್ಕೆ ಮುಂಗಡ ಬುಕಿಂಗ್ ತೆರೆದ್ರು, ನಿಮಿಷಗಳಲ್ಲಿ ಖಾಲಿ. ನಾನು ಶಿಫ್ಟಿನ ಊಟದ ಬಿಡುವಲ್ಲಿ ಫೋನ್ ಹಿಡಿದು ಕೂತಿದ್ದೆ. ಮೆಷಿನ್ ಕಾರ್ಟಿಗೆ ಬಿತ್ತು, ಹಣ ಕಟ್ಟೋ ಪುಟಾನೂ ಬಂತು. ಹಿಂದೂಪುರದ ಪಿನ್ ಕೋಡ್ ಒತ್ತಿದ ಕೂಡಲೇ ‘ಈ ವಿಳಾಸಕ್ಕೆ ತಲುಪಿಸಲಾಗುವುದಿಲ್ಲ’ ಅಂತ ಕೆಂಪಕ್ಷರ. ಬೆಂಗಳೂರಿನ ವಿಳಾಸ ಹುಡುಕಿ ಹಾಕೋಷ್ಟರಲ್ಲಿ ಮುಗಿದುಹೋಗಿತ್ತು. ಬೆಂಗಳೂರು ನೂರು ಕಿಲೋಮೀಟರ್, ಬೆಳಗ್ಗೆ ರೈಲು ಹತ್ತಿದ್ರೆ ಗೌರಿಬಿದನೂರು, ದೊಡ್ಡಬಳ್ಳಾಪುರ ದಾಟಿ ಯಲಹಂಕ. ಇಷ್ಟು ಹತ್ತಿರ ಇದ್ದೂ ಮೊದಲ ದಿನದ ಮಾಲು ನಮಗಿಲ್ಲ.

ಕಲ್ಯಾಣದುರ್ಗ: ಅದಕ್ಕೆ ಬೇಜಾರಾ?

ಹಿಂದೂಪುರ: ಆ ದಿನ ಆಗಿತ್ತು. ಈಗಿಲ್ಲ. ಮೊದಲ ದಿನದ ಮೆಷಿನ್ ಕೊಳ್ಳೋದು ಜಾಣತನವೂ ಅಲ್ಲ. ಆ ಫ್ಯಾಮಿಕಾಮ್‌ನ ಮೊದಲ ಮಾಲಲ್ಲೇ ಚಿಪ್ಪಿನ ದೋಷ ಕಂಡು ನಿಂಟೆಂಡೊ ವಾಪಸ್ ತರಿಸಿಕೊಂಡಿತ್ತು. ಎಕ್ಸ್‌ಬಾಕ್ಸ್ 360 ಬಂದದ್ದು 2005ರಲ್ಲಿ. ಮುಂದೆ ಕೆಂಪು ದೀಪ ಹೊತ್ತಿ ಸಾಯೋ ಮೆಷಿನ್‌ಗಳು ಎಷ್ಟಾದವು ಅಂದ್ರೆ, 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ಆ ದೋಷಕ್ಕೆ ವಾರಂಟಿಯನ್ನ ಮೂರು ವರ್ಷಕ್ಕೆ ಏರಿಸಬೇಕಾಯ್ತು, ನೂರು ಕೋಟಿ ಡಾಲರಿಗೂ ಮೇಲೆ ತೆಗೆದಿಡಬೇಕಾಯ್ತು. ದೊಡ್ಡ ಊರಿನವರು ಮೊದಲು ಕೊಂಡು ಪರೀಕ್ಷೆ ಮಾಡಲಿ, ಗಟ್ಟಿಯಾಗಿ ಉಳಿದದ್ದನ್ನ ಆಮೇಲೆ ನಾವು ತಗೊಳ್ತೀವಿ ಅನ್ನೋ ಕ್ರಮ ನನಗೆ ಒಪ್ಪಿಗೆಯೇ. ನಮ್ಮ ಕಡೆ ಗೇಮ್ ಬೆಳೆದದ್ದೇ ಹಾಗೆ. ಪ್ಲೇಸ್ಟೇಷನ್ 2 ತಗೊಳ್ಳಿ. 2000ದ ಮಾರ್ಚ್‌ನಲ್ಲಿ ಜಪಾನಲ್ಲಿ ಬಂತು. ಅಮೆರಿಕದಲ್ಲಿ 299 ಡಾಲರಿಗೆ ಶುರುವಾದದ್ದು 2009ರ ಹೊತ್ತಿಗೆ 99ಕ್ಕೆ ಇಳಿದಿತ್ತು. ಇಲ್ಲೂ ವರ್ಷ ವರ್ಷ ಬೆಲೆ ಇಳೀತಾ ಬಂತು. ಹಿಂದೂಪುರದಲ್ಲಿ ನಾವು ಹುಡುಗರು ಕ್ರಿಕೆಟ್ 07 ಆಡಿದ್ದು ಅದರಲ್ಲೇ.

ಕಲ್ಯಾಣದುರ್ಗ: ನಿಮ್ಮಪ್ಪ ಸ್ಕೂಟರ್ ಮೇಲೆ ತಂದಿದ್ದು. ಅದರ ಲೆನ್ಸ್ ಒರೆಸಿಕೊಡೋಕೆ ನಾನು ಬಸ್ ಹತ್ತಿ ಬಂದಿದ್ದೆ.

ಹಿಂದೂಪುರ: ಹೂಂ, ಅದೇ. ಇನ್ನೊಂದು ಸಂಗತಿ ಕೇಳಿ. ಪೂರ್ತಿ ನಮ್ಮ ದೇಶದಲ್ಲೇ ತಯಾರಾದ ಮೊದಲ ಕನ್ಸೋಲ್ ಗೇಮ್ ಅಂತ ಹೇಳೋದು ‘ಹನುಮಾನ್: ಬಾಯ್ ವಾರಿಯರ್’ಗೆ. 2009ರಲ್ಲಿ, ಪ್ಲೇಸ್ಟೇಷನ್ 2ಕ್ಕೆ, ಹೈದರಾಬಾದಿನ ಅರೋನಾ ಅನ್ನೋ ಕಂಪನಿ ಮಾಡಿದ್ದು. ಅದೇ ಹೈದರಾಬಾದಿನ ಗೇಮ್‌ಶಾಸ್ತ್ರ ‘ದೇಸಿ ಅಡ್ಡಾ’ ಮಾಡ್ತು, ಗಿಲ್ಲಿದಾಂಡು, ಗಾಳಿಪಟ, ಕಬಡ್ಡಿ ಎಲ್ಲ ಇದ್ದ ಆಟ. ಹನುಮಾನ್ ಆಟ ಅಷ್ಟೇನೂ ಚೆನ್ನಾಗಿರಲಿಲ್ಲ, ಹೇಳಿಬಿಡ್ತೀನಿ. ಆದ್ರೆ ಹೊತ್ತು ಗಮನಿಸಿ. ಪ್ಲೇಸ್ಟೇಷನ್ 3 ಬಂದು ಆಗಲೇ ಎರಡು ವರ್ಷ ದಾಟಿತ್ತು. ಅಮೆರಿಕದವರು 2ನ್ನ ಅಟ್ಟಕ್ಕೆ ಹಾಕಿದ ಮೇಲೆ ಅದು ನಮ್ಮಲ್ಲಿ ಬೇರು ಬಿಡ್ತು. ಬೆಲೆ ಇಳಿದಿತ್ತು, ಮೆಷಿನ್ ಮನೆ ಮನೇಲಿತ್ತು, ಅದಕ್ಕೇ ನಮ್ಮವರು ಆಟ ಮಾಡೋಕೆ ಧೈರ್ಯ ಮಾಡಿದ್ರು.

ಕಲ್ಯಾಣದುರ್ಗ: ನಿಲ್ಲು, ನೀನು ಬರೀ ಒಳ್ಳೆಯದನ್ನೇ ಹೇಳ್ತಿದೀಯ. ಆಗ ಮೆಷಿನ್ ಮನೆ ಮನೇಲಿತ್ತು ಅಂದ್ರೆ ಯಾಕೆ? ಚಿಪ್ ಹಾಕಿಸಿದ್ರೆ ಕಾಪಿ ಮಾಡಿದ ಡಿವಿಡಿ ಓಡ್ತಿತ್ತು, ಅದು ಚೂರುಪಾರು ಕಾಸಿಗೆ ಸಿಗ್ತಿತ್ತು. ನನ್ನ ಹತ್ತಿರವೂ ಬಂದು ‘ಚಿಪ್ ಹಾಕಿಕೊಡಿ’ ಅಂತ ಕೇಳೋರು. ಆಟ ಬರೆದವನಿಗೆ ಅದರಲ್ಲಿ ಒಂದು ಪೈಸೆ ಹೋಗಿಲ್ಲ. ಕಂಪನಿಯವರು ಬಾಗಿಲಿಗೆ ಬೀಗ ಹಾಕಿದ್ದಕ್ಕೆ ನಮ್ಮ ಕೈಯೂ ಒಂದು ಕಾರಣ.

ಹಿಂದೂಪುರ: ಒಪ್ಪಿದೆ ಮಾವ. ಕಾಪಿ ಡಿವಿಡಿ ಪರವಾಗಿ ನಾನು ವಾದಿಸಲ್ಲ. ಆದ್ರೆ ಹಳೇ ಡಿಸ್ಕ್ ಕೈ ಬದಲಾಯಿಸೋದು ಬೇರೆ ವಿಷಯ. ಒಬ್ಬ ದುಡ್ಡು ಕೊಟ್ಟು ಕೊಂಡ, ಆಡಿ ಮುಗಿಸಿದ, ಇನ್ನೊಬ್ಬನಿಗೆ ಮಾರಿದ. ಒಂದು ಹೊತ್ತಿಗೆ ಒಂದೇ ಮನೇಲಿ ಆಟ ನಡೀತಿರುತ್ತೆ. ಪುಸ್ತಕ ಹಾಗೇ ಅಲ್ವಾ ಓಡಾಡೋದು? ಹಿಂದೂಪುರ, ಮಡಕಶಿರಾ, ಪಾವಗಡ, ಗೌರಿಬಿದನೂರು ಸೇರಿ ನಮ್ಮದೊಂದು ಗುಂಪಿದೆ. ‘ಗಾಡ್ ಆಫ್ ವಾರ್ ರ‍್ಯಾಗ್ನರಾಕ್’ 2022ರ ನವೆಂಬರ್‌ನಲ್ಲಿ ಬಂದಾಗ 4,999 ರೂಪಾಯಿ. ನಾವು ನಾಲ್ಕು ಜನ ಕೂಡಿ ಒಂದು ಡಿಸ್ಕ್ ತಗೊಂಡ್ವಿ. ಮುಗಿಸಿದವನು ಬಸ್ ಕಂಡಕ್ಟರ್ ಕೈಲಿ ಕೊಟ್ಟು ಕಳಿಸೋದು, ಇನ್ನೊಬ್ಬ ಸ್ಟ್ಯಾಂಡಲ್ಲಿ ಇಸ್ಕೊಳ್ಳೋದು. ಈಗ ಆ ಡಬ್ಬಿ ನೋಡಬೇಕು ನೀವು. ಕೀಲು ಸೀಳಿ ಸೆಲೋಟೇಪ್ ಹಾಕಿದೆ, ಒಳಗಿನ ಕಾಗದದ ಹಿಂದೆ ಮುಗಿಸಿದವರ ಸಹಿ, ತಾರೀಖು ಸಾಲಾಗಿ. ಕೆಲವು ಸಹಿ ತೆಲುಗಲ್ಲಿ, ಕೆಲವು ಕನ್ನಡದಲ್ಲಿ. ಆ ಡಿಸ್ಕ್ ಎಷ್ಟು ಸಲ ಗಡಿ ದಾಟಿದೆಯೋ! ಹಿಂದೂಪುರದಿಂದ ಪಾವಗಡದ ಮೇಲೆ ನಿಮ್ಮೂರಿಗೆ ಬರಬೇಕಂದ್ರೆ ಆಂಧ್ರ ಬಿಟ್ಟು ಕರ್ನಾಟಕ ಹೊಕ್ಕು ಮತ್ತೆ ಆಂಧ್ರಕ್ಕೇ ಬರಬೇಕಲ್ಲ.

ಕಲ್ಯಾಣದುರ್ಗ: ಇಂಥ ಕೊಡುಕೊಳ್ಳುವಿಕೆ ಕಂಪನಿಗೆ ಇಷ್ಟ ಆಗಲ್ಲ.

ಹಿಂದೂಪುರ: ಯಾವತ್ತೂ ಇಷ್ಟ ಆಗಿಲ್ಲ. 2013ರಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಒನ್ ತೋರಿಸಿದಾಗ, ಮೆಷಿನ್ ದಿನಕ್ಕೊಮ್ಮೆಯಾದ್ರೂ ನೆಟ್‌ಗೆ ಸೇರಬೇಕು, ಹಳೇ ಡಿಸ್ಕ್ ಕೊಡೋದಕ್ಕೆ ನಿಬಂಧನೆ ಇರುತ್ತೆ ಅಂದಿತ್ತು. ಆಟಗಾರರು ಎದ್ದುಬಿದ್ದು ಬೈದ್ರು. ಆ ವರ್ಷದ ಜೂನ್‌ನಲ್ಲಿ ಪ್ಲೇಸ್ಟೇಷನ್ ಮಾಡೋ ಸೋನಿ ಒಂದು ಪುಟ್ಟ ವಿಡಿಯೋ ಬಿಡ್ತು, ಒಬ್ಬ ಇನ್ನೊಬ್ಬನ ಕೈಗೆ ಡಿಸ್ಕ್ ಕೊಡ್ತಾನೆ, ಅಷ್ಟೇ ವಿಡಿಯೋ. ಕೆಲವೇ ದಿನಕ್ಕೆ, ಜೂನ್ 19ಕ್ಕೆ, ಮೈಕ್ರೋಸಾಫ್ಟ್ ಆ ನಿಬಂಧನೆ ಎಲ್ಲ ವಾಪಸ್ ತಗೊಂಡ್ತು. ಅವತ್ತು ಗೆದ್ವಿ ಅಂದುಕೊಂಡ್ವಿ. ಆಮೇಲೆ ಗದ್ದಲ ಇಲ್ಲದೆ ಡಿಸ್ಕ್ ತೂರಿಸೋ ಜಾಗವನ್ನೇ ತೆಗೀತಾ ಬಂದ್ರು. ಸೀರೀಸ್ ಎಸ್‌ನಲ್ಲಿ ಇಲ್ಲ. ಪ್ಲೇಸ್ಟೇಷನ್ 5ರ ಡಿಜಿಟಲ್ ಮಾದರಿಯಲ್ಲಿ ಇಲ್ಲ. 2024ರ ನವೆಂಬರ್‌ನಲ್ಲಿ ಬಂದ ಪ್ರೊ ಮಾದರಿಗೆ ಆಗ 699.99 ಡಾಲರ್, ಅಷ್ಟು ಕೊಟ್ರೂ ಡಿಸ್ಕ್ ಡ್ರೈವ್ ಬೇರೆ ಕೊಳ್ಳಬೇಕು.

ಕಲ್ಯಾಣದುರ್ಗ: ಆ ಪ್ರೊ ಆಗ ಇಲ್ಲಿ ಬರಲಿಲ್ಲ ಅಂದಿದ್ದೆ.

ಹಿಂದೂಪುರ: ಬರಲಿಲ್ಲ. ಅದರ ವೈಫೈ ಬಳಸೋ 6 ಗಿಗಾಹರ್ಟ್ಸ್ ತರಂಗಕ್ಕೆ ಆಗ ನಮ್ಮ ದೇಶದಲ್ಲಿ ಅನುಮತಿ ಇರಲಿಲ್ಲ. ಸೋನಿಯವರೇ ಹಾಗಂದ್ರು.

ಕಲ್ಯಾಣದುರ್ಗ: ಡಿಸ್ಕ್ ಬೇಡ, ನೆಟ್‌ನಲ್ಲೇ ಇಳಿಸ್ಕೋ ಅಂತಾರಲ್ಲ, ಈಗ ಆಂಧ್ರ ಫೈಬರ್‌ನೆಟ್ ಹಳ್ಳಿಗೂ ಬಂದಿದೆ. ಶುರುವಾದಾಗ 149 ರೂಪಾಯಿಗೆ ಟಿವಿ, ಫೋನು, ನೆಟ್ ಮೂರೂ ಅಂದಿದ್ರು.

ಹಿಂದೂಪುರ: ಲೆಕ್ಕ ಹಾಕಿ ನೋಡಿ. ಒಂದು ದೊಡ್ಡ ಆಟ ಈಗ ಸುಲಭವಾಗಿ 100 ಜಿಬಿ ಇರುತ್ತೆ. 15 ಎಂಬಿಪಿಎಸ್ ಲೈನಲ್ಲಿ ಒಂದು ಕ್ಷಣವೂ ತಡೆಯದೆ ಬಂದ್ರೂ ಸುಮಾರು ಹದಿನೈದು ಗಂಟೆ ಬೇಕು. ಕರೆಂಟ್ ಹೋಗಬಾರದು, ಮನೇಲಿ ಇನ್ನೊಬ್ಬರು ಧಾರಾವಾಹಿ ನೋಡಬಾರದು. ಇಳಿಸಿದ ಮೇಲೆ ಇಡೋಕೆ ಜಾಗ? ಮೊದಲ ಪ್ಲೇಸ್ಟೇಷನ್ 5ರಲ್ಲಿ 825 ಜಿಬಿ ಅಂತ ಬರೆದಿದ್ರೂ ನಮ್ಮ ಕೈಗೆ ಸಿಗೋದು 667. ಹೊಸ ಆಟ ಬೇಕಂದ್ರೆ ಹಳೇದನ್ನ ಅಳಿಸಬೇಕು, ಮತ್ತೆ ಬೇಕಂದ್ರೆ ಮತ್ತೆ ಹದಿನೈದು ಗಂಟೆ. ಡಿಸ್ಕ್ ಇದ್ರೂ ಪೂರ್ತಿ ನೆಮ್ಮದಿ ಇಲ್ಲ, ಅದೂ ನಿಜ. ‘ಸೈಬರ್‌ಪಂಕ್ 2077’ 2020ರ ಡಿಸೆಂಬರ್ 10ಕ್ಕೆ ಬಂದಾಗ ಪ್ಲೇಸ್ಟೇಷನ್ 4ರಲ್ಲಿ ಎಷ್ಟು ಕೆಟ್ಟದಾಗಿತ್ತು ಅಂದ್ರೆ, ಸುಮಾರು ಒಂದು ವಾರಕ್ಕೆ ಸೋನಿ ಅದನ್ನ ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆದು ದುಡ್ಡು ವಾಪಸ್ ಕೊಡ್ತು. ಆ ಡಿಸ್ಕ್ ಕೊಂಡವನಿಗೆ ನೆಟ್ ಇಲ್ಲ ಅಂದ್ರೆ ಇವತ್ತಿಗೂ ಆ ಮುರುಕು ಆಟವೇ ಗತಿ.

ಕಲ್ಯಾಣದುರ್ಗ: ಬೆಲೆ ಇಳಿಯೋ ತನಕ ಕಾಯ್ತೀನಿ ಅಂದ್ಯಲ್ಲ. ಟ್ಯಾಕ್ಸ್ ಇಳಿಸಿದ್ರು, ನನಗೆ ನೆನಪಿದೆ. 2018ರ ಡಿಸೆಂಬರಲ್ಲಿ 32 ಇಂಚಿನ ತನಕದ ಟಿವಿಗೆ ಜಿಎಸ್‌ಟಿ 28ರಿಂದ 18ಕ್ಕೆ ಇಳಿಸೋ ತೀರ್ಮಾನ ಆಯ್ತು. ಅದೇ ಪಟ್ಟಿಯಲ್ಲಿ ವಿಡಿಯೋ ಗೇಮ್ ಮೆಷಿನ್ನೂ ಇತ್ತು.

ಹಿಂದೂಪುರ: ಟ್ಯಾಕ್ಸ್ ಇಳೀತು, ಬೆಲೆ ಏರ್ತು. ನನ್ನ ನಿಜವಾದ ಸಂಕಟ ಇದೇ ಮಾವ. ಹೊಸದು ಬಂದಾಗ ದುಬಾರಿ, ಹಳತಾದಂತೆ ಅಗ್ಗ, ಆ ನಂಬಿಕೆ ಮೇಲೆ ನಮ್ಮಂಥ ಊರುಗಳು ಆಟ ಆಡಿದ್ದು. ಪ್ಲೇಸ್ಟೇಷನ್ 5 ಬಂದಾಗ 49,990. 2024ರ ಏಪ್ರಿಲ್‌ನಲ್ಲಿ ಇಲ್ಲಿ ಅದರ ಸ್ಲಿಮ್ ಮಾದರಿ ಬಂತು, ಡಿಸ್ಕ್ ಇರೋದಕ್ಕೆ 54,990. ಅಮೆರಿಕದಲ್ಲೂ 499 ಡಾಲರಿನದು 2025ರ ಆಗಸ್ಟ್‌ನಲ್ಲಿ 549 ಆಯ್ತು. ಐದು ವರ್ಷ ಹಳೇ ಮೆಷಿನ್ ಹೊಸದರಲ್ಲಿದ್ದಕ್ಕಿಂತ ದುಬಾರಿ. ಎಕ್ಸ್‌ಬಾಕ್ಸೂ ಅದೇ ವರ್ಷ ಏರಿಸ್ತು. ಕಾಯೋನಿಗೆ ಸಿಗ್ತಿದ್ದ ಲಾಭವೇ ಹೋಯ್ತು. ಡಿಸ್ಕ್ ಇಲ್ಲ ಅಂದ್ರೆ ಹಳೇ ಆಟದ ಸಂತೆಯೂ ಇಲ್ಲ. ಇನ್ನು ಉಳಿದದ್ದು ರಿಪೇರಿ. ಅದರ ಬಗ್ಗೆ ನೀವೇ ಹೇಳಬೇಕು, ಮೊನ್ನೆ ನನ್ನ ಕಂಟ್ರೋಲರ್ ಬಿಚ್ಚಿದ್ರಲ್ಲ.

ಕಲ್ಯಾಣದುರ್ಗ: ಬಿಚ್ಚಿದೆ. ಜಾಯ್‌ಸ್ಟಿಕ್ ಕಡ್ಡಿ ಮುಟ್ಟದೆ ಇದ್ರೂ ಆಟದೊಳಗಿನ ಮನುಷ್ಯ ತಾನೇ ನಡೀತಾನೆ ಅಂದಿದ್ದೆ. ಆ ಕಡ್ಡಿ ಬುಡದಲ್ಲಿ ಹಳೇ ರೇಡಿಯೋ ವಾಲ್ಯೂಮ್ ಗುಂಡಿಯಲ್ಲಿರೋ ಥರದ್ದೇ ವ್ಯವಸ್ಥೆ. ಇಂಗಾಲದ ಪಟ್ಟಿ ಮೇಲೆ ಒಂದು ಲೋಹದ ನಾಲಿಗೆ ಸವರ್ತಾ ಇರುತ್ತೆ. ಸವೆದ್ರೆ ಅಳತೆ ತಪ್ಪುತ್ತೆ. ವಾಲ್ಯೂಮ್ ಗುಂಡಿ ಕೆಟ್ರೆ ಮೂರು ಬೆಸುಗೆ ಬಿಚ್ಚಿ ಹೊಸದು ಹಾಕ್ತಿದ್ದೆ. ಇದಕ್ಕೆ ಒಂದೊಂದು ಕಡ್ಡಿಗೆ ಹದಿನಾಲ್ಕು ಬೆಸುಗೆ. ಎಲ್ಲ ಒಟ್ಟಿಗೆ ಕರಗಿಸಿ ಎತ್ತಬೇಕು, ಒಂದು ಹಟ ಹಿಡಿದ್ರೂ ಬೋರ್ಡಿನ ತಾಮ್ರ ಕಿತ್ತು ಬರುತ್ತೆ. ಆದ್ರೂ ಮಾಡಬಹುದು, ಮಾಡಿದೆ. ತಲೆ ಕೆಡೋದು ಬೇರೆ ಕಡೆ. ಸವೆಯೋದು ಅಂತ ಗೊತ್ತಿದ್ದೂ ಯಾಕೆ ಅದನ್ನೇ ಹಾಕ್ತಾರೆ? ಅಯಸ್ಕಾಂತದಿಂದ ಅಳತೆ ಮಾಡೋ ಹಾಲ್ ಎಫೆಕ್ಟ್ ಬಿಡಿಭಾಗ ಇದೆಯಲ್ಲ, ಒಂದಕ್ಕೊಂದು ಉಜ್ಜೋದೇ ಇಲ್ಲ.

ಹಿಂದೂಪುರ: ಸ್ವಿಚ್ 2ರಲ್ಲೂ ಅದನ್ನ ಹಾಕಿಲ್ಲ, ನಿಂಟೆಂಡೊದವರೇ ಒಪ್ಪಿಕೊಂಡ್ರು. ಹಳೇ ಸ್ವಿಚ್ಚಿನ ಕಡ್ಡಿ ಹೀಗೇ ಜಾರುತ್ತೆ ಅಂತ ಅಮೆರಿಕದಲ್ಲಿ 2019ರಲ್ಲೇ ಕೋರ್ಟಿಗೆ ಹೋಗಿದ್ರು. ಅಷ್ಟಾದ ಮೇಲೂ ಹೊಸದನ್ನ ಬಿಡುವಾಗ ಹಾಕಲಿಲ್ಲ ಅಂದ್ರೆ ನನಗೆ ಸಿಟ್ಟು ಬರುತ್ತೆ. ಇನ್ನೊಂದು ಕೇಳಿ. ಪ್ಲೇಸ್ಟೇಷನ್ 5 ಸ್ಲಿಮ್‌ನ ಡಿಸ್ಕ್ ಡ್ರೈವ್ ಕಿತ್ತು ಹಾಕಬಹುದು, ಒಳ್ಳೆ ಏರ್ಪಾಟು. ಆದ್ರೆ ಹಾಕಿದ ಮೇಲೆ ಒಂದು ಸಲ ನೆಟ್‌ಗೆ ಸೇರಿಸಿ ಕಂಪನಿ ಸರ್ವರ್ ಹತ್ತಿರ ಹೂಂ ಅನಿಸಿಕೊಳ್ಳಬೇಕು. ಇಲ್ಲಾಂದ್ರೆ ಡ್ರೈವ್ ಕೆಲಸ ಮಾಡಲ್ಲ.

ಕಲ್ಯಾಣದುರ್ಗ: ಬಿಡಿಭಾಗ ನನ್ನ ಕೈಲಿದ್ದೂ ಅಪ್ಪಣೆ ಬೇಕು. ಇದು ರಿಪೇರಿ ಮಾಡೋನ ಹೊಟ್ಟೆಗೆ ಹೊಡೆಯೋ ಕೆಲಸ. ಆದ್ರೆ ಆ ಮೊದಲ ಪ್ಲೇಸ್ಟೇಷನ್ 5ನ್ನ ಬಿಚ್ಚೋ ವಿಡಿಯೋ ಕಂಪನಿಯವರೇ ಬಿಟ್ಟದ್ದು ನೀನು ತೋರಿಸಿದ್ದೆ, ಅದು ನನಗೆ ಮೆಚ್ಚುಗೆ ಆಗಿತ್ತು. ಪಕ್ಕದ ಬಿಳೀ ತಟ್ಟೆ ಸ್ಕ್ರೂ ಇಲ್ಲದೆ ಜಾರಿ ಬರುತ್ತೆ. 120 ಮಿಲಿಮೀಟರ್ ಫ್ಯಾನು, 45 ಮಿಲಿಮೀಟರ್ ದಪ್ಪ. ಧೂಳು ಬಂದು ಕೂರೋಕೆ ಅಂತಲೇ ಜಾಗ ಮಾಡಿ, ವ್ಯಾಕ್ಯೂಮ್ ಇಟ್ಟು ಎಳೆಯೋಕೆ ತೂತು ಕೊಟ್ಟಿದಾರೆ. ಅನಂತಪುರದ ಸೀಮೆಗೆ ಅಂತಲೇ ಯೋಚಿಸಿದ ಹಾಗಿತ್ತು.

ಹಿಂದೂಪುರ: ಅದಕ್ಕೇ ನನಗೆ ಆ ಮೆಷಿನ್ ಮೇಲೆ ಇನ್ನೂ ಪ್ರೀತಿ. ಮಾಡೋ ಇಂಜಿನಿಯರಿಗೆ ಮನಸ್ಸಿದೆ, ಮಾರೋನು ಬಿಡ್ತಿಲ್ಲ.

ಕಲ್ಯಾಣದುರ್ಗ: ಇಷ್ಟೆಲ್ಲ ತಾಪತ್ರಯ ಯಾಕೆ, ಎಲ್ಲರ ಹಾಗೆ ಫೋನಲ್ಲೇ ಆಡಬಾರದಾ? ನಮ್ಮ ಬೀದಿ ಹುಡುಗರೆಲ್ಲ ಅದರಲ್ಲೇ.

ಹಿಂದೂಪುರ: ಆಡ್ತೀನಿ, ಬೇಡ ಅನ್ನಲ್ಲ. ಅದೂ ನಮ್ಮ ಕೈಲಿಲ್ಲ ನೋಡಿ. ಪಬ್‌ಜಿ ಮೊಬೈಲನ್ನ 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ನಿಷೇಧಿಸ್ತು, ಮುಂದಿನ ಜುಲೈನಲ್ಲಿ ಅದೇ ಆಟ ಬೇರೆ ಹೆಸರಲ್ಲಿ ಬಂತು. ಅದಲ್ಲದೆ, ಫೋನಿನ ಆಟ ಮುಗಿಯಲ್ಲ. ಅಂಗಿ ತಗೋ, ಬಂದೂಕಿನ ಬಣ್ಣ ತಗೋ ಅಂತ ದಿನಾ ಕೈ ಚಾಚುತ್ತೆ. ನನಗೆ ಮೊದಲು, ನಡು, ಕೊನೆ ಇರೋ ಆಟ ಬೇಕು. ರಾತ್ರಿ ಶಿಫ್ಟ್ ಮುಗಿಸಿ ಬಂದು ಒಂದು ಗಂಟೆ ಆ ಲೋಕಕ್ಕೆ ಹೋಗಬೇಕು, ಒಂದು ದಿನ ಅದು ಮುಗೀಬೇಕು, ಮುಗಿದದ್ದಕ್ಕೆ ಮನಸ್ಸು ಭಾರ ಆಗಬೇಕು. ಒಳ್ಳೆ ಕಾದಂಬರಿ ಓದಿದಾಗ ಹಾಗೇ ಆಗುತ್ತಲ್ಲ. ಪುಣೆಯವರು ಮಾಡಿದ ‘ರಾಜಿ’ ಆಡಿದಾಗ ಹಾಗೇ ಆಗಿತ್ತು. 2020ರಲ್ಲಿ ಮೊದಲು ಬಂದದ್ದು ಸ್ವಿಚ್ಚಿನಲ್ಲೇ, ಆ ಮೆಷಿನ್ ಮಾರದ ದೇಶದವರು ಮಾಡಿದ ಆಟ! ಇಂಥವು ಇನ್ನಷ್ಟು ಬರಬೇಕು, ತೆಲುಗಲ್ಲೂ ಕನ್ನಡದಲ್ಲೂ ಮಾತಾಡಬೇಕು. ಅದಾಗೋಕೆ ಮೆಷಿನ್ ಸಿ ಸೆಂಟರಿನ ಮನೆಗಳಿಗೆ ಬರಬೇಕು.

ಕಲ್ಯಾಣದುರ್ಗ: ಸರಿ, ಈಗೇನು ಮಾಡ್ತೀಯ? ನಿಮ್ಮಮ್ಮನಿಗೆ ಏನಾದ್ರೂ ಹೇಳಬೇಕಲ್ಲ.

ಹಿಂದೂಪುರ: ಗೌರಿಬಿದನೂರಿನಲ್ಲಿ ಒಬ್ಬರು ತಮ್ಮ ಹಳೇ ಪ್ಲೇಸ್ಟೇಷನ್ 5 ಮಾರ್ತಿದಾರೆ. ಮೊದಲ ಮಾದರಿ, ಡಿಸ್ಕ್ ಡ್ರೈವ್ ಇರೋದು. ಹೊಸದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕೇಳ್ತಿದಾರೆ.

ಕಲ್ಯಾಣದುರ್ಗ: ದುಡ್ಡು ಕೊಡೋಕೆ ಮುಂಚೆ ನನ್ನನ್ನ ಕರ್ಕೊಂಡು ಹೋಗು. ಇಲ್ಲಿಂದ ಬೆಳಗಿನ ಬಸ್ಸಿಗೆ ಬರ್ತೀನಿ. ತಟ್ಟೆ ತೆಗೆದು ಫ್ಯಾನ್ ನೋಡಬೇಕು, ಒಂದು ಗಂಟೆ ಬಿಡದೆ ಓಡಿಸಿ ಶಬ್ದ ಕೇಳಬೇಕು, ನೆಟ್ ತೆಗೆದು ಡಿಸ್ಕ್ ಹಾಕಿ ಆಟ ಬರುತ್ತಾ ನೋಡಬೇಕು. ನಿಮ್ಮ ಆ ಸೆಲೋಟೇಪ್ ಡಬ್ಬಿ ಈಗ ಯಾರ ಹತ್ತಿರ ಇದೆ?

ಹಿಂದೂಪುರ: ಪಾವಗಡದಲ್ಲಿದೆ. ನಾಳೆ ಬಸ್ಸಿಗೆ ಹಾಕೋಕೆ ಹೇಳ್ತೀನಿ.